ಚಾಪೆ ಹಾಸುವ ಮೊದಲು ಒಂದು ದಮ್ಮು?

ಹೋದ ಸಂಚಿಕೆಯಲ್ಲಿ ಬೆನ್ನುನೋವಿನ ಬಗ್ಗೆ ಬರೆಯುವಾಗ ಸುಮ್ನೆ ಒಂದು ಮಾತು ಸೇರಿಸಿದ್ದೆ: ಗೋವಾದ ಕೆಲವು ಯೋಗ ಶಿಬಿರಗಳಲ್ಲಿ ಆಸನಕ್ಕಿಂತ ಹೊಗೆಯೇ ಜಾಸ್ತಿ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಬೆನ್ನುನೋವಿನ ಬಗ್ಗೆ ಬಂದದ್ದು ಎರಡೇ ಎರಡು. ಉಳಿದದ್ದೆಲ್ಲ ಗಾಂಜಾ, ಭಂಗಿ, ಚರಸ್, ಅಂದರೆ ಒಂದೇ ಗಿಡದ ಹೂವು, ಎಲೆ, ಅಂಟು. ಕೆಲವರು ಕೇಳಿದ್ದಾರೆ, ಕೆಲವರು ಬೈದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಇರಲಿ. ಹೆಸರು, ವಿಳಾಸ ಯಾರದ್ದೂ ಹಾಕಿಲ್ಲ. ಬೈದವರಿಂದಲೇ ಶುರು ಮಾಡೋಣ.

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯವನು, ವಯಸ್ಸು 27, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಗೋವಾದ ಅರಂಬೋಲ್‌ನಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಸಂಜೆ ಕ್ಲಾಸಿಗೆ ಮುಂಚೆ ಗಾಂಜಾ ತುಂಬಿ ಸುತ್ತಿದ ಒಂದು ಜಾಯಿಂಟ್ ಕೈಯಿಂದ ಕೈಗೆ ಬರುತ್ತಿತ್ತು. ಅಲ್ಲಿಂದ ಮೇಲೆ ವಾರಕ್ಕೆ ಮೂರ್ನಾಲ್ಕು ದಿನ ಸ್ವಲ್ಪ ಸೇದಿಯೇ ವಾಕಡ್‌ನ ಕ್ಲಾಸಿಗೆ ಹೋಗುತ್ತೇನೆ. ಮೈ ಬೆಣ್ಣೆ ಹಾಗೆ ಬಾಗುತ್ತದೆ. ಶವಾಸನದಲ್ಲಿ ಎಲ್ಲೋ ಹೋಗಿಬಿಡುತ್ತೇನೆ. ಔಷಧಿಯಿಂದಲೂ ಸಿದ್ಧಿ ಬರುತ್ತದೆ ಅಂತ ಪತಂಜಲಿಯೇ ಹೇಳಿಲ್ವಾ? ನಿಮ್ಮಂಥವರು ಹಳೇ ಕಾಲದ ಭಯವನ್ನೇ ಹಂಚುತ್ತೀರಿ. ನೇರವಾಗಿ ಕೇಳುತ್ತೇನೆ, ನಾನು ಮಾಡುತ್ತಿರುವುದರಲ್ಲಿ ತಪ್ಪೇನು?

ಉತ್ತರ: ನೇರವಾಗಿ ಕೇಳಿದ್ದು ಒಳ್ಳೇದಾಯ್ತು ತಮ್ಮಾ. ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ, ಪತಂಜಲಿ ಆಮೇಲೆ ಬರಲಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಶಿವರಾತ್ರಿ. ಬೋರಿವಲಿಯಲ್ಲಿ ಗೆಳತಿಯ ಮನೆ. ಅವಳ ಅತ್ತೆ ಬಾದಾಮಿ, ಗಸಗಸೆ, ಸೋಂಪು, ಮೆಣಸು ರುಬ್ಬಿ ಠಂಡಾಯಿ ಮಾಡಿದ್ದರು. ಭಂಗಿ ಹಾಕಿದ್ದು ಒಂದು ಪಾತ್ರೆ, ಹಾಕದ್ದು ಒಂದು ಪಾತ್ರೆ. ನಾನು ಹಾಕಿದ್ದನ್ನೇ ಕುಡಿದೆ. ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲ. ಇದೇನು ಬರೀ ಹಾಲು ಅಂತ ಇನ್ನೊಂದು ಲೋಟ ಇಳಿಸಿದೆ. ಭಂಗಿಯಲ್ಲಿ ಹೊಸಬರೆಲ್ಲ ಎಡವುವುದು ಇಲ್ಲೇ. ಸೇದಿದ್ದು ಕೆಲವೇ ನಿಮಿಷದಲ್ಲಿ ತಲೆಗೇರುತ್ತದೆ. ಹೊಟ್ಟೆಗೆ ಹೋದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಏರಿದ ಮೇಲೆ ಆರೆಂಟು ಗಂಟೆ ಇಳಿಯುವುದಿಲ್ಲ. ನನಗೆ ಎರಡೂ ಲೋಟ ಒಟ್ಟಿಗೇ ಏರಿದವು.

ಆಗ ಒಳಗಿನ ರೂಮಿನಲ್ಲಿ ಪಶ್ಚಿಮೋತ್ತಾನಾಸನಕ್ಕೆ ಕೂತೆ. ಆರು ವರ್ಷದಿಂದ ಮೊಣಕಾಲಿಗೆ ತಾಗಲು ಸತಾಯಿಸುತ್ತಿದ್ದ ಹಣೆ ಅವತ್ತು ಸಲೀಸಾಗಿ ಮೊಣಕಾಲನ್ನೂ ದಾಟಿ ಕೆಳಗೆ ಹೋಯಿತು. ಇನ್ನೂ ಒತ್ತು, ಇನ್ನೂ ಒತ್ತು ಅಂತ ಬೆನ್ನ ಮೇಲೆ ಗೆಳತಿಯ ಕೈ ಇಡಿಸಿದ್ದೂ ನಾನೇ. ಹತ್ತು ನಿಮಿಷ ಹಾಗೇ ಇದ್ದೆ ಅಂದುಕೊಂಡೆ. ಎರಡು ನಿಮಿಷವೂ ಇರಲಿಲ್ಲ ಅಂತ ಅವಳು ಆಮೇಲೆ ಹೇಳಿದಳು. ಮಾರನೇ ದಿನ ಬೆಳಗ್ಗೆ ಎದ್ದರೆ, ತೊಡೆಯ ಹಿಂದಿನ ಸ್ನಾಯು ಕೂರುವ ಮೂಳೆಗೆ ಅಂಟಿಕೊಂಡಿರುತ್ತಲ್ಲ, ಸರಿಯಾಗಿ ಆ ಜಾಗದಲ್ಲಿ ಚುಚ್ಚಿದ ಹಾಗೆ ನೋವು. ಏಳು ತಿಂಗಳು ಅನುಭವಿಸಿದೆ. ಲೋಕಲ್‌ನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ. ಮುಂಬೈಯಲ್ಲಿ ಖಾಲಿ ಸೀಟು ಬಿಟ್ಟು ನಿಂತವರನ್ನು ಜನ ಹೇಗೆ ನೋಡುತ್ತಾರೆ ಅಂತ ನಿನಗೂ ಗೊತ್ತಿರಬೇಕು.

ಈಗ ನಿನ್ನ ಬೆಣ್ಣೆ ಮೈಗೆ ಬರೋಣ. ಒಂದು ಜಾಯಿಂಟ್‌ನಿಂದ ಸ್ನಾಯು ಉದ್ದ ಆಗುವುದಿಲ್ಲ. ಸಾಕು ನಿಲ್ಲಿಸು ಅಂತ ಮೈ ಕೂಗುತ್ತಲ್ಲ, ಆ ಕೂಗು ನಿನಗೆ ಕೇಳಿಸುವುದು ಕಡಿಮೆ ಆಗುತ್ತದೆ. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಅದು ಮಿದುಳಿನಲ್ಲಿ ಹೋಗಿ ಕೂರುವ ಜಾಗಗಳು ಯಾವುವು ಗೊತ್ತಾ? ಮೈಯ ತೂಕ ಸಂಭಾಳಿಸುವ ಕಿರುಮಿದುಳು, ಈಗ ತಾನೇ ಆದದ್ದನ್ನು ನೆನಪಿಡುವ ಭಾಗ, ನೋವಿನ ಸುದ್ದಿ ಹಾದುಹೋಗುವ ದಾರಿ, ಹೀಗೆ. ಮೇಷ್ಟ್ರು ಉಸಿರು ಬಿಡುತ್ತಾ ಬಲಗಾಲು ಹಿಂದಕ್ಕೆ ಅಂತ ಹೇಳಿದ್ದು ಕಾಲು ಎತ್ತುವಷ್ಟರಲ್ಲಿ ಮರೆತಿರುತ್ತದೆ. ವೃಕ್ಷಾಸನದಲ್ಲಿ ಪಾದ ನಡುಗುವುದು ಗೊತ್ತಾಗುವುದೇ ಅರ್ಧ ಕ್ಷಣ ತಡ.

ಎದೆಯದ್ದೂ ಒಂದು ಕಥೆ ಇದೆ. ಸೇದಿದ ಸ್ವಲ್ಪ ಹೊತ್ತಿಗೆ ನಾಡಿ ನಿಮಿಷಕ್ಕೆ 20ರಿಂದ 50 ಬಡಿತದಷ್ಟು ಹೆಚ್ಚಾಗಬಹುದು. ಅದೇ ಹೊತ್ತಿಗೆ, ಬಗ್ಗಿದ್ದವರು ಎದ್ದು ನಿಂತರೆ ಬಿಪಿ ದಢಕ್ಕನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಸೂರ್ಯನಮಸ್ಕಾರ ಅಂದರೆ ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ನಾಡಿ ಓಡುತ್ತಿರುವಾಗ ಅದರ ಮೇಲೆ ಭಸ್ತ್ರಿಕಾ, ಅಂದರೆ ತಿದಿ ಒತ್ತಿದ ಹಾಗೆ ರಭಸದ ಉಸಿರು, ಹಾಕಿದರೆ ಗಾಬರಿ ಹತ್ತುತ್ತದೆ. ಅಂಥ ಗಾಬರಿಯನ್ನು ಕುಂಡಲಿನಿ ಎದ್ದಿತು ಅಂತ ತಿಳಿದವರನ್ನೂ ನೋಡಿದ್ದೇನೆ. ಇನ್ನು ಕೆಲವರು ಹೊಗೆಯನ್ನು ಎದೆಯಲ್ಲೇ ಹಿಡಿದಿಟ್ಟುಕೊಂಡು ಇದೂ ಕುಂಭಕವೇ ಅನ್ನುತ್ತಾರೆ. ಅಮಲಿನ ಅಂಶ ಮೊದಲ ಕೆಲವು ಸೆಕೆಂಡಿನಲ್ಲೇ ರಕ್ತಕ್ಕೆ ಹೋಗಿರುತ್ತದೆ. ಆಮೇಲೆ ಹಿಡಿದಿಟ್ಟುಕೊಂಡರೆ ಎದೆಗೆ ಇಳಿಯುವುದು ಡಾಂಬರು ಅಷ್ಟೇ.

ಪತಂಜಲಿ ವಿಷಯ. ನೀನು ಹೇಳಿದ್ದು ಸುಳ್ಳಲ್ಲ. ಅವರ ಯೋಗಸೂತ್ರದ ನಾಲ್ಕನೇ ಪಾದದ ಮೊದಲ ಸೂತ್ರ ಅದೇ: ಹುಟ್ಟಿನಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಸಿದ್ಧಿಗಳು ಬರುತ್ತವೆ. ಯಾವ ಗಿಡ ಅಂತ ಅಲ್ಲಿಲ್ಲ. ಆದರೆ ಅದಕ್ಕಿಂತ ಮುಂಚೆ, ಮೂರನೇ ಪಾದದಲ್ಲೇ, ಈ ಸಿದ್ಧಿಗಳು ಸಮಾಧಿಗೆ ಅಡ್ಡಿ ಅಂತಲೂ ಅವರೇ ಹೇಳಿದ್ದಾರೆ. ಅದನ್ನು ಶಿಬಿರದಲ್ಲಿ ಯಾರೂ ಓದಿಸಲಿಲ್ವಾ? ಮೊದಲ ಪಾದದಲ್ಲಿ ಒಂಬತ್ತು ವಿಘ್ನಗಳ ಪಟ್ಟಿ ಇದೆ. ಅದರಲ್ಲಿ ಮೂರನ್ನು ನೋಡು: ಪ್ರಮಾದ, ಆಲಸ್ಯ, ಭ್ರಾಂತಿದರ್ಶನ. ಎಚ್ಚರ ತಪ್ಪುವುದು, ಜಡವಾಗುವುದು, ಇಲ್ಲದ್ದನ್ನು ಕಂಡೆ ಅಂದುಕೊಳ್ಳುವುದು. ನನ್ನ ಬೋರಿವಲಿಯ ಸಂಜೆಯಲ್ಲಿ ಮೂರೂ ಇದ್ದವು.

ಶವಾಸನದಲ್ಲಿ ಎಲ್ಲೋ ಹೋಗಿಬಿಡುತ್ತೇನೆ ಅಂದೆಯಲ್ಲ, ನನಗೆ ಚುಚ್ಚಿದ್ದು ಆ ಮಾತು. ಶವಾಸನ ಕಷ್ಟ ಯಾಕೆಂದರೆ ಅಲ್ಲಿ ಎಲ್ಲೂ ಹೋಗಬಾರದು. ನಿದ್ದೆಗೂ ಹೋಗಬಾರದು, ಕನಸಿಗೂ ಹೋಗಬಾರದು. ಎಡ ಹಿಮ್ಮಡಿ ನೆಲಕ್ಕೆ ತಾಗಿರುವುದು, ಫ್ಯಾನಿನ ಸದ್ದು, ಉಸಿರು ಮೂಗಿನ ತುದಿಯಲ್ಲಿ ತಣ್ಣಗೆ ಒಳಗೆ ಹೋಗಿ ಬೆಚ್ಚಗೆ ಹೊರಗೆ ಬರುವುದು, ಇಷ್ಟೇ. ಸೇದಿದಾಗ ಹಿತವಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. 1992ರಲ್ಲಿ ಜೆರುಸಲೇಮಿನ ವಿಜ್ಞಾನಿಗಳು ಒಂದು ವಸ್ತು ಕಂಡುಹಿಡಿದರು. ಗಾಂಜಾ ಕೂರುವ ಜಾಗದಲ್ಲೇ ಹೋಗಿ ಕೂರುವಂಥದ್ದು, ನಮ್ಮ ಮೈಯೇ ತಯಾರಿಸುವಂಥದ್ದು. ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ನಮ್ಮ 'ಆನಂದ' ಪದವೇ. ಚೆನ್ನಾಗಿ ಬೆವರುವ ಹಾಗೆ ಓಡಿದವರ ರಕ್ತದಲ್ಲಿ ಅದು ಹೆಚ್ಚಾಗಿರುವುದನ್ನು ಅಳೆದೂ ನೋಡಿದ್ದಾರೆ. ಅಂದರೆ ಅಂಗಡಿ ಒಳಗೇ ಇದೆ ತಮ್ಮಾ, ಬಾಗಿಲು ನಿಧಾನಕ್ಕೆ ತೆಗೆಯುತ್ತದೆ ಅಷ್ಟೇ.

ಒಂದು ಕೆಲಸ ಮಾಡು. ನಾಲ್ಕು ವಾರ ಸೇದದೆ ಚಾಪೆಗೆ ಇಳಿ. ಎದುರಿಗೆ ಗಡಿಯಾರ ಇಟ್ಟುಕೋ. ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆ: ಎಲ್ಲಿ ಎಳೆಯಿತು, ಎಲ್ಲಿ ನಿಂತೆ. ಮೊದಲ ಎರಡು ವಾರ ಬೇಜಾರಾಗುತ್ತದೆ. ಹಣೆ ಮೊಣಕಾಲಿಂದ ಒಂದು ಗೇಣು ದೂರ ಇರುತ್ತದೆ. ಆ ಗೇಣು ನಿನ್ನದೇ. ಇನ್ನೊಂದು, ಕ್ಲಾಸು ಮುಗಿಸಿ ವಾಕಡ್‌ನಿಂದ ಮನೆಗೆ ಹೇಗೆ ಹೋಗುತ್ತೀ ಅಂತ ಬರೆದಿಲ್ಲ. ಬೈಕ್‌ನಲ್ಲಾದರೆ, ಮೇಲೆ ಹೇಳಿದ ಆ ಅರ್ಧ ಕ್ಷಣದ ತಡ ರಸ್ತೆಯಲ್ಲೂ ಇರುತ್ತದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಡೊಂಬಿವಲಿಯಲ್ಲಿರುವ ಗೃಹಿಣಿ, ಊರು ಕಲಬುರಗಿ ಕಡೆ. ಮಗನಿಗೆ 19, ಕಾಲೇಜು ಎರಡನೇ ವರ್ಷ. ಅವನ ಯೋಗ ಮ್ಯಾಟಿನ ಚೀಲ ಒಗೆಯಲು ತೆಗೆದಾಗ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಕಸೂರಿ ಮೇಥಿ ಅಂದುಕೊಂಡೆ, ಮೂಸಿ ನೋಡಿದರೆ ಅಲ್ಲ. ಕೇಳಿದ್ದಕ್ಕೆ ಶಿವನೇ ಸೇದುತ್ತಾನೆ, ನಮ್ಮ ಅಜ್ಜ ತಿಂಥಣಿ ಜಾತ್ರೆಯಲ್ಲಿ ಚಿಲುಮೆ ಸೇದುತ್ತಿರಲಿಲ್ವಾ, ನಾನು ಧ್ಯಾನಕ್ಕೆ ಅಂತಲೇ ಸೇದುತ್ತೇನೆ ಅಂತಾನೆ. ಈಚೆಗೆ ರಾತ್ರಿಯೆಲ್ಲ ಎಚ್ಚರ ಇರುತ್ತಾನೆ, ಕದ ಹಾಕಿಕೊಂಡು ಒಬ್ಬನೇ ಮಾತಾಡಿದ ಹಾಗೆ ಕೇಳಿಸುತ್ತದೆ. ನನ್ನ ತಮ್ಮನಿಗೆ ಇಪ್ಪತ್ತೆರಡನೇ ವಯಸ್ಸಿಗೆ ಬುದ್ಧಿ ಸ್ಥಿಮಿತ ತಪ್ಪಿತ್ತು. ಭಯ ಆಗ್ತಿದೆ. ಮನೆಯವರಿಗೆ ಇನ್ನೂ ಹೇಳಿಲ್ಲ.

ಉತ್ತರ: ತಂಗೀ, ಮನೆಯವರಿಗೆ ಇವತ್ತೇ ಹೇಳಿ. ಈ ವಾರವೇ ಮಗನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಯೋಗದ ಮಾತು ಆಮೇಲೆ.

ಯಾಕೆ ಇಷ್ಟು ಅವಸರ ಅಂದರೆ, ನಿಮ್ಮ ಪತ್ರದಲ್ಲಿ ಮೂರು ಸಂಗತಿ ಒಟ್ಟಿಗಿವೆ. ಎಳೇ ವಯಸ್ಸು, ರಕ್ತಸಂಬಂಧದಲ್ಲಿ ಮಾನಸಿಕ ಕಾಯಿಲೆ, ನಿದ್ದೆ ಕೆಟ್ಟು ಒಬ್ಬನೇ ಮಾತಾಡುವುದು. ಇಪ್ಪತ್ತೈದರ ಸುಮಾರಿನವರೆಗೂ ಮಿದುಳು ಬಲಿಯುತ್ತಲೇ ಇರುತ್ತದೆ. ಮನೆತನದಲ್ಲಿ ಅಂಥ ಕಾಯಿಲೆ ಇದ್ದವರಿಗೆ ಗಾಂಜಾದಿಂದ ಅದೇ ಕಾಯಿಲೆ ತಲೆಯೆತ್ತುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಅವನಿಗೆ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ನನ್ನ ಕೆಲಸ ಅದಲ್ಲ, ಕೂತು ಪರೀಕ್ಷೆ ಮಾಡುವವರು ಹೇಳಬೇಕು. ತಮ್ಮನ ವಿಷಯ ಡಾಕ್ಟರಿಂದ ಮುಚ್ಚಿಡಬೇಡಿ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಮದುವೆ ಸಂಬಂಧ ತಪ್ಪುತ್ತದೆ ಅಂತ ಪೆಟ್ಟಿಗೆಯ ತಳಕ್ಕೆ ಹಾಕಿಬಿಡುತ್ತೇವೆ. ಡಾಕ್ಟರಿಗೆ ಮೊದಲು ಬೇಕಾಗುವುದೇ ಅದು.

ಸದ್ಯಕ್ಕೆ ಅವನು ಉದ್ದುದ್ದ ಧ್ಯಾನಕ್ಕೆ ಕೂರುವುದೂ ಬೇಡ. ಇದನ್ನು ಕೇಳಿ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ನಿದ್ದೆಗೆಟ್ಟ ಹುಡುಗ ಕದ ಹಾಕಿಕೊಂಡು ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತರೆ ತಲೆ ಇನ್ನೂ ಒಳಗೊಳಗೇ ಸುತ್ತುತ್ತದೆ. ಬೆಳಗ್ಗೆ ಬೆಳಕಲ್ಲಿ ವಾಕಿಂಗು, ಕಣ್ಣು ತೆರೆದುಕೊಂಡು ಮಾಡುವ ನಾಲ್ಕು ನಿಂತ ಆಸನ, ಹೊತ್ತಿಗೆ ಸರಿಯಾಗಿ ಊಟ. ಅಷ್ಟು ಸಾಕು. ಬೈಯುವುದು, ಪೊಟ್ಟಣ ಹಿಡಿದು ಅಳುವುದು ಎರಡನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. "ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ಹೋಗೋಣ" ಅಂತ ಕರೆದರೆ ಹುಡುಗರು ಬರುತ್ತಾರೆ. ಗಾಂಜಾ ಬಿಡಿಸಲು ಅಂದರೆ ಬರುವುದಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನು ಮಾಡಿ, ನಂಬರ್ 14416. ದಿನದ ಯಾವ ಹೊತ್ತಿಗಾದರೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ವ್ಯಸನದ ಸಹಾಯವಾಣಿ ಬೇರೆ ಇದೆ, 14446. ಆದರೆ ಅವನು ನಿಮಗೆ ಕಾಣದ್ದನ್ನು ಕಂಡೆ ಅಂದರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಅಂದರೆ, ಇಲ್ಲವೇ ಜೀವ ಕಳೆದುಕೊಳ್ಳುವ ಮಾತಾಡಿದರೆ, ಫೋನು ಗೀನು ಬೇಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಅವತ್ತೇ ಹೋಗಿ.

ಅಜ್ಜನ ವಿಷಯ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲೂ ಬಂದಿತ್ತು. ನಮ್ಮ ಕಡೆಯ ಆರೂಢರು, ಅವಧೂತರಲ್ಲಿ ಕೆಲವರಿಗೆ ಆ ರೂಢಿ ಉಂಟು. ಅದನ್ನು ಅಲ್ಲಗಳೆದರೆ ಮಗ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಆದರೆ ಅಜ್ಜ ಸೇದಿದ್ದು ಜಾತ್ರೆಯಲ್ಲಿ, ಹತ್ತು ಜನರ ನಡುವೆ, ಭಜನೆ ಪದ ಕೇಳುತ್ತಾ. ಮಾರನೇ ದಿನ ಹೊಲದಲ್ಲಿ ಕೆಲಸ ಇರುತ್ತಿತ್ತು. ಇವನು ಸೇದುವುದು ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು, ಅಲ್ವಾ? ಅಜ್ಜನನ್ನು ಈ ಜಗಳಕ್ಕೆ ಎಳೆಯಬೇಡ ಅಂತ ಹೇಳಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, 24 ವರ್ಷ. ಉತ್ತರ ಗೋವಾದ ಒಂದು ರೆಸಾರ್ಟ್‌ನಲ್ಲಿ ಯೋಗ ಹೇಳಿಕೊಡುತ್ತೇನೆ. ವಿದೇಶಿ ಗೆಸ್ಟುಗಳು ಸೇದಿಕೊಂಡೇ ಕ್ಲಾಸಿಗೆ ಬರುತ್ತಾರೆ. ಈಗ ಮಾಲೀಕರು ಅದನ್ನೇ ಒಂದು ಪ್ಯಾಕೇಜ್ ಮಾಡೋಣ, ಕ್ಯಾಲಿಫೋರ್ನಿಯಾದಲ್ಲಿ ಇಂಥ ಕ್ಲಾಸು ನಡೆಯುತ್ತವೆ, ಗೋವಾದಲ್ಲಿ ಇದೆಲ್ಲ ನಡೆಯುತ್ತೆ ಅಂತಾರೆ. ಬೇಡ ಅಂದರೆ ಕೆಲಸ ಹೋಗುತ್ತದೆ. ಏನು ಮಾಡಲಿ?

ಉತ್ತರ: "ನಡೆಯುತ್ತೆ" ಅನ್ನುವುದು ಗೋವಾದ ದೊಡ್ಡ ಸುಳ್ಳು. ಅರವತ್ತರ ದಶಕದ ಕೊನೆಗೆ ಹಿಪ್ಪಿಗಳು ಅಂಜುನಾಕ್ಕೆ ಬಂದಾಗಿನಿಂದ ಆ ಮಾತು ಸಮುದ್ರದಂಡೆಯಲ್ಲಿ ಸುತ್ತುತ್ತಿದೆ. ಆಗ ಕಾನೂನು ಬೇರೆ ಇತ್ತು, ದೇಶದ ಹಲವು ಕಡೆ ಲೈಸೆನ್ಸ್ ಅಂಗಡಿಯಲ್ಲೇ ಗಾಂಜಾ ಮಾರುತ್ತಿದ್ದರು. 1985ರಲ್ಲಿ ಮಾದಕ ವಸ್ತು ಕಾಯ್ದೆ ಬಂತು, ಗಾಂಜಾ ಮತ್ತು ಚರಸ್ ಎರಡೂ ಅದರೊಳಗೆ ಹೋದವು. ಗೋವಾಕ್ಕೆ ರಿಯಾಯಿತಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರು ಅಂಗಡಿಯಿಂದ ಕೊಳ್ಳುವುದು 2018ರಿಂದ ಕಾನೂನುಬದ್ಧ. ಅಲ್ಲಿಯ ಕ್ಲಾಸು ಅಲ್ಲಿಯ ಕಾನೂನಿನ ಮೇಲೆ ನಿಂತಿದೆ, ನಿನ್ನ ಕ್ಲಾಸು ಇಲ್ಲಿಯದರ ಮೇಲೆ.

ಲೆಕ್ಕ ಗೊತ್ತಿರಲಿ. ಸೇದಿದ್ದಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಣ್ಣ ಪ್ರಮಾಣ ಇಟ್ಟುಕೊಂಡಿದ್ದರೆ ಒಂದು ವರ್ಷದವರೆಗೆ. ಸಣ್ಣ ಪ್ರಮಾಣ ಅಂದರೆ ಗಾಂಜಾ 1 ಕಿಲೋವರೆಗೆ, ಚರಸ್ ಆದರೆ ಬರೀ 100 ಗ್ರಾಂ. ಗೆಸ್ಟುಗಳ ಕೈಯಲ್ಲಿ ಇರುವುದು ಎಷ್ಟೋ ಸಲ ಚರಸ್ಸೇ, ಅದನ್ನು ಮರೆಯಬೇಡ. ಕುಂಡದಲ್ಲಿ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೂ ಹೋಗಬಹುದು. ನಿನ್ನ ಮಾಲೀಕರು ಓದಬೇಕಾದದ್ದು 25ನೇ ಕಲಂ: ಇಂಥ ಅಪರಾಧಕ್ಕೆ ತನ್ನ ಜಾಗವನ್ನು ಗೊತ್ತಿದ್ದೂ ಬಿಟ್ಟುಕೊಟ್ಟವರಿಗೆ ಆ ಅಪರಾಧದ ಶಿಕ್ಷೆಯೇ. ಪ್ಯಾಕೇಜ್ ಅಂತ ಬೋರ್ಡು ಹಾಕಿದರೆ ಗೊತ್ತಿರಲಿಲ್ಲ ಅನ್ನಲು ಬರುವುದಿಲ್ಲ. ಗೆಸ್ಟು ವಿಮಾನ ಹತ್ತಿ ಹೋಗುತ್ತಾರೆ. ಹಾವೇರಿಯ ಹುಡುಗ ಮಾಪ್ಸಾ ಕೋರ್ಟಿಗೆ ಓಡಾಡಬೇಕಾಗುತ್ತದೆ.

ಭಂಗಿ ಆ ಕಾಯ್ದೆಯಲ್ಲಿ ಬರಲ್ಲ ಅಲ್ವಾ ಅಂತ ಮಾಲೀಕರು ಕೇಳಬಹುದು. ಬರೀ ಎಲೆ ಅದರ ಗಾಂಜಾ ವ್ಯಾಖ್ಯೆಯಲ್ಲಿ ಇಲ್ಲ, ನಿಜ. ಎಲೆಯ ಮೇಲೆ ಹಿಡಿತ ಆಯಾ ರಾಜ್ಯದ್ದು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾನೂನಿನಡಿ ಅದಕ್ಕೂ ಪರವಾನಗಿ ಬೇಕು. ಹೂವಿನ ತೆನೆ ಒಂದು ಸೇರಿದರೂ ಅದು ಗಾಂಜಾವೇ.

ಕಾನೂನು ಪಕ್ಕಕ್ಕಿರಲಿ, ಮೇಷ್ಟ್ರಾಗಿ ಯೋಚನೆ ಮಾಡು. ಸೇದಿ ಬಂದವನ ಸೊಂಟ ತಿರುಗಿಸಲು ನೀನು ಕೈ ಹಾಕುತ್ತೀ. "ನೋವಾಗ್ತಿದೆಯಾ" ಅಂತ ಕೇಳುತ್ತೀ. ಅವನು ಇಲ್ಲ ಅಂತಾನೆ. ಆ ಇಲ್ಲಕ್ಕೆ ಬೆಲೆ ಇಲ್ಲ. ನಾನಾದರೆ ಒಂದೇ ನಿಯಮ ಇಡುತ್ತೇನೆ: ಸೇದಿ ಬಂದವರಿಗೆ ನನ್ನ ಕೈ ತಾಗುವುದಿಲ್ಲ, ತಲೆಕೆಳಗಿನ ಆಸನ ಇಲ್ಲ, ಮೂಲೆಯಲ್ಲಿ ಮಲಗಿರಲಿ. ಪ್ಯಾಕೇಜ್ ಆಗುವುದಿಲ್ಲ ಅಂತ ಮಾಲೀಕರಿಗೆ ಬಾಯಲ್ಲಿ ಹೇಳಬೇಡ, ವಾಟ್ಸಾಪಿನಲ್ಲಿ ಬರೆದು ಹೇಳು. ನಾಳೆ ಬೇಕಾಗುತ್ತದೆ. ಮತ್ತೆ ಬೇರೆ ಕೆಲಸ ಹುಡುಕು. ಗೋವಾದಲ್ಲಿ ಕೆಲಸಗಳು ಸೀಜನ್‌ಗೆ ಖಾಲಿಯಾಗುತ್ತವೆ, ಸೀಜನ್‌ಗೆ ತುಂಬುತ್ತವೆ. ಈಗಲೇ ನಾಲ್ಕು ಕಡೆ ಹೇಳಿಟ್ಟಿರು.

ಪ್ರಶ್ನೆ: ಗಾಂಜಾ ಗಿಡದ ಬೀಜದ ಚಟ್ನಿಪುಡಿ ಮಾರುತ್ತಿದ್ದಾರೆ. ತಿಂದು ಪ್ರಾಣಾಯಾಮ ಮಾಡಬಹುದಾ? (ವಾಶಿ)

ಉತ್ತರ: ಬೀಜದಲ್ಲಿ ಅಮಲಿಲ್ಲ. 2021ರಲ್ಲಿ ಆಹಾರ ಇಲಾಖೆಯೇ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿದೆ. ತಿನ್ನಿ, ಆದರೆ ಯಾವ ಚಟ್ನಿಪುಡಿ ತಿಂದರೂ ಪ್ರಾಣಾಯಾಮಕ್ಕೆ ಮೂರು ಗಂಟೆ ಬಿಡಿ. ಮತ್ತೆ ಶೇಂಗಾ ಚಟ್ನಿಪುಡಿ ಇದಕ್ಕಿಂತ ರುಚಿ, ಅದು ನನ್ನ ಧಾರವಾಡದ ನಾಲಿಗೆಯ ತೀರ್ಪು.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 68, ಮುಲುಂಡ್. ಮೊಣಕಾಲು ನೋವಿಗೂ ನಿದ್ದೆಗೂ ಒಳ್ಳೆಯದು ಅಂತ ಅಣ್ಣನ ಮಗ ವಿಜಯಾ ಎಣ್ಣೆಯ ಹನಿ ತಂದುಕೊಟ್ಟಿದ್ದಾನೆ. ಆಯುರ್ವೇದದ್ದು, ತೊಂದರೆಯಿಲ್ಲ ಅಂದ. ಬಿಪಿಗೆ ಮಾತ್ರೆ ಇದೆ, ರಕ್ತ ತೆಳು ಮಾಡುವ ವಾರ್ಫರಿನ್ ಕೂಡ. ಬೆಳಗ್ಗೆ ಐದಕ್ಕೆ ಎದ್ದು ಮೂವತ್ತು ವರ್ಷದಿಂದ ಶೀರ್ಷಾಸನ ಮಾಡುತ್ತೇನೆ. ಮುಂದುವರಿಸಬಹುದೇ?

ಉತ್ತರ: ರಾಯರೇ, ಹನಿಯ ಬಾಟಲಿಯನ್ನು ಇವತ್ತು ಕಪಾಟಿನಲ್ಲಿಟ್ಟು ನಾಳೆ ನಿಮ್ಮ ಡಾಕ್ಟರಿಗೆ ತೋರಿಸಿ. ವಿಜಯಾ ಅಂದರೆ ಗಾಂಜಾ ಗಿಡವೇ, ಆಯುರ್ವೇದದ ಹೆಸರು. ಹಳೆಯ ಶಾರ್ಙ್ಗಧರ ಸಂಹಿತೆಯಲ್ಲಿ ಭಂಗಿಯನ್ನು ಅಫೀಮಿನ ಜೊತೆ 'ವ್ಯವಾಯಿ' ಅಂತ ಕರೆದಿದ್ದಾರೆ, ಜೀರ್ಣ ಆಗುವ ಮೊದಲೇ ಮೈಯೆಲ್ಲ ಹರಡುವಂಥದ್ದು ಅಂತ. ಈಗಿನ ಔಷಧ ನಿಯಮಗಳಲ್ಲೂ ಅದು ಆಯುರ್ವೇದದ ವಿಷಪಟ್ಟಿಯಲ್ಲೇ ಇದೆ, ವೈದ್ಯರ ಉಸ್ತುವಾರಿಯಲ್ಲಿ ತೆಗೆದುಕೊಳ್ಳಬೇಕಾದದ್ದು. ಅಣ್ಣನ ಮಗನ ಉಸ್ತುವಾರಿ ಸಾಲದು.

ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ವಾರ್ಫರಿನ್. ಈ ಗಿಡದ ಅಂಶಗಳು ವಾರ್ಫರಿನ್ ಕರಗುವುದನ್ನು ತಡೆಯುತ್ತವೆ, ಆಗ ರಕ್ತ ಬೇಕಾದ್ದಕ್ಕಿಂತ ತೆಳುವಾಗುತ್ತದೆ. ಈಗಾಗಲೇ ತೆಗೆದುಕೊಂಡಿದ್ದರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಡಮಾಡದೆ ಮಾಡಿಸಿ. ಎರಡನೆಯದು ಬಿಪಿ. ರಾತ್ರಿ ಹತ್ತಕ್ಕೆ ಹಾಕಿಕೊಂಡ ಹನಿ ಎರಡು ಮೂರು ಗಂಟೆಗೆ ಬಾತ್‌ರೂಮಿಗೆ ಎದ್ದಾಗಲೂ ಮೈಯಲ್ಲಿ ಇರುತ್ತದೆ. ನಿಂತ ತಕ್ಷಣ ಬಿಪಿ ಇಳಿಯುತ್ತದೆ, ಟೈಲ್ಸ್ ಒದ್ದೆ ಇರುತ್ತದೆ, ರಕ್ತ ತೆಳು ಇರುತ್ತದೆ. ಮುಂದಿನದು ನಾನು ಬರೆಯುವುದು ಬೇಡ.

ಐದು ಗಂಟೆಗೆ ಶೀರ್ಷಾಸನ. ಮೂವತ್ತು ವರ್ಷದ ಗೆಳೆಯನನ್ನು ಬಿಡಿ ಅನ್ನಲು ಮನಸ್ಸಾಗುವುದಿಲ್ಲ, ಆದರೂ ಹೇಳುತ್ತೇನೆ, ಬಿಡಿ. ಬಿಪಿ ಇರುವಾಗ ಬೇಡ, ಹನಿ ಇಲ್ಲದಿದ್ದರೂ ಬೇಡ. ತಲೆಕೆಳಗಾದಾಗ ಕಣ್ಣೊಳಗಿನ ಒತ್ತಡವೂ ದುಪ್ಪಟ್ಟಾಗುತ್ತದೆ, ನಿಮ್ಮ ವಯಸ್ಸಿಗೆ ಕಣ್ಣಿನ ಪರೀಕ್ಷೆಯೂ ಆಗಿರಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಹಗ್ಗ, ಇಟ್ಟಿಗೆಯಂಥ ಮರದ ತುಂಡು, ದಿಂಬುಗಳನ್ನು ಯೋಗಕ್ಕೆ ತಂದದ್ದು ನಿಮ್ಮಂಥವರಿಗಾಗಿಯೇ. ಡಾಕ್ಟರ್ ಒಪ್ಪಿದರೆ ಹೀಗೆ ಮಾಡಿ: ರಾತ್ರಿ ಮಲಗುವ ಮುಂಚೆ ನೆಲದ ಮೇಲೆ ಮಲಗಿ ಮೀನಖಂಡವನ್ನು ಕುರ್ಚಿಯ ಸೀಟಿನ ಮೇಲಿಡಿ, ತಲೆಯಡಿ ಮಡಿಸಿದ ಬೆಡ್‌ಶೀಟು, ಕಣ್ಣ ಮೇಲೆ ಒಂದು ಕರವಸ್ತ್ರ. ಹತ್ತು ನಿಮಿಷ. ಏಳುವಾಗ ಮಗ್ಗುಲಾಗಿ, ನಿಧಾನಕ್ಕೆ. ಮೊಣಕಾಲು ನಿಮಗೆ ಥ್ಯಾಂಕ್ಸ್ ಹೇಳುತ್ತದೆ.

ಪ್ರಶ್ನೆ: ಅಕ್ಕಾ, ನಾನು ಮಂಗಳೂರಿನವಳು, ಅಂಧೇರಿಯಲ್ಲಿ ಜಾಹೀರಾತು ಕಂಪನಿಯಲ್ಲಿದ್ದೇನೆ, 31. ನಾಲ್ಕು ವರ್ಷದಿಂದ ದಿನಾ ರಾತ್ರಿ ತಂಬಾಕು ಬೆರೆಸಿ ಒಂದು ಸೇದಿ ಯೋಗ ಮಾಡಿ ಮಲಗುತ್ತಿದ್ದೆ. ಬಿಟ್ಟು ಐದು ದಿನ ಆಯ್ತು. ನಿದ್ದೆ ಇಲ್ಲ, ಸಿಟ್ಟು, ವಿಚಿತ್ರ ಕನಸು, ಊಟ ಸೇರಲ್ಲ. ಯಾವ ಆಸನ ಮಾಡಿದರೆ ವಿಷ ಹೊರಗೆ ಹೋಗುತ್ತೆ? ಸೇದದೆ ಚಾಪೆ ಮೇಲೆ ಕೂತರೆ ಅಳು ಬರುತ್ತೆ, ಬೋರ್ ಆಗುತ್ತೆ.

ಉತ್ತರ: ಐದನೇ ದಿನ ಬರೆದಿದ್ದೀಯ, ಅಂದರೆ ಅತೀ ಕಷ್ಟದ ದಿನದಲ್ಲಿ ಬರೆದಿದ್ದೀಯ. ಬಿಟ್ಟ ಒಂದೆರಡು ದಿನಕ್ಕೆ ಇದು ಶುರುವಾಗುತ್ತದೆ, ಮೊದಲ ವಾರದಲ್ಲೇ ಜೋರು, ಎರಡು ವಾರದ ಹೊತ್ತಿಗೆ ಸುಮಾರಾಗಿ ಇಳಿಯುತ್ತದೆ. ಕೆಲವರಿಗೆ ನಿದ್ದೆ ಸರಿಯಾಗಲು ಇನ್ನೂ ಸ್ವಲ್ಪ ದಿನ ಹೋಗುತ್ತದೆ. ಗಾಂಜಾ ಕನಸು ಬೀಳುವ ನಿದ್ದೆಯನ್ನು ಒತ್ತಿಹಿಡಿದಿರುತ್ತದೆ. ನಿನಗೆ ನಾಲ್ಕು ವರ್ಷದ ಬಾಕಿ ಕನಸು ಒಟ್ಟಿಗೆ ಬೀಳುತ್ತಿದೆ ಅಂತ ಇಟ್ಟುಕೋ. ತಂಬಾಕು ಬೆರೆಸುತ್ತಿದ್ದೆಯಲ್ಲ, ಈ ಸಿಟ್ಟಿನಲ್ಲಿ ಅದರ ಪಾಲೂ ಇದೆ. ಅದಕ್ಕೆ ಒಂದು ಸಿಗರೇಟಾದರೂ ಸೇದೋಣ ಅಂತ ಹೋಗಬೇಡ, ಒಂದು ಬಿಟ್ಟು ಇನ್ನೊಂದು ಹಿಡಿದವರ ಲೆಕ್ಕ ನನ್ನ ಕ್ಲಾಸಿನಲ್ಲೇ ಸಾಕಷ್ಟಿದೆ.

ವಿಷ ಹೊರಗೆ ಹಾಕುವ ಆಸನ ಇಲ್ಲ. ಬೆವರಿಳಿಸಿದರೂ ಇಲ್ಲ, ಕಪಾಲಭಾತಿಯಿಂದಲೂ ಇಲ್ಲ. ಟಿಎಚ್‌ಸಿ ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ, ದಿನಾ ಸೇದಿದವರ ಮೂತ್ರದಲ್ಲಿ ವಾರಗಟ್ಟಲೆ ಅದರ ಗುರುತು ಸಿಗುತ್ತದೆ. ಲಿವರ್ ತನ್ನ ಪಾಡಿಗೆ ತಾನು ಖಾಲಿ ಮಾಡುತ್ತದೆ, ಅವಸರ ಮಾಡಲ್ಲ.

ಈಗ ರಾತ್ರಿಯ ಅಭ್ಯಾಸ ಬಿಡು. ಅದೇ ಹೊತ್ತು, ಅದೇ ಚಾಪೆ, ಅದೇ ಕಿಟಕಿ ಎಲ್ಲ ಸೇರಿ ಜಾಯಿಂಟ್ ಕೇಳುತ್ತವೆ. ಬೆಳಗ್ಗೆ ಮಾಡು, ಸಾಧ್ಯ ಆದರೆ ಬೇರೆಯವರ ಜೊತೆ ಕ್ಲಾಸಿನಲ್ಲಿ. 1918ರಲ್ಲಿ ಶುರುವಾದ ಯೋಗ ಸಂಸ್ಥೆಯೇ ಈಗ ಸಾಂತಾಕ್ರೂಜ್‌ನಲ್ಲಿದೆ, ನಿನ್ನಿಂದ ಎರಡು ಸ್ಟೇಷನ್ನು. ಇಪ್ಪತ್ತು ನಿಮಿಷ ನಿಂತ ಆಸನ, ಕಾಲಿಗೆ ಕೆಲಸ ಕೊಡುವಂಥದ್ದು. ಉಸಿರು ಹಿಡಿಯುವುದು ಸದ್ಯಕ್ಕೆ ಬೇಡ. ಅಳು ಬಂದರೆ ಅತ್ತುಬಿಡು, ಚಾಪೆ ಒಗೆಯಬಹುದು. ರಾತ್ರಿ ಬಿಸಿ ನೀರಿನ ಸ್ನಾನ, ಗಂಜಿ ಊಟ, ಜೊತೆಗೆ ಉಪ್ಪಿನಕಾಯಿ. ನಿನ್ನ ಊರಿನವರಿಗೆ ಅದನ್ನು ನಾನು ಹೇಳಿಕೊಡಬೇಕಾ? ಎರಡು ವಾರ ಆದರೂ ಮಂಕು ಇಳಿಯದಿದ್ದರೆ, ಇಲ್ಲವೇ ತಡೆಯಲಾರದೆ ಮತ್ತೆ ಸೇದಿಬಿಟ್ಟಿದ್ದರೆ, ನಾಚಿಕೊಳ್ಳದೆ ವ್ಯಸನಮುಕ್ತಿಯವರ ಹತ್ತಿರ ಹೋಗು. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಕಾನೂನಿನಲ್ಲೂ ರಕ್ಷಣೆ ಇದೆ, ಮಾದಕ ವಸ್ತು ಕಾಯ್ದೆಯ 64ಎ ಕಲಂ.

ಬೋರ್ ಆಗುವುದರ ಬಗ್ಗೆ ಕೊನೆಗೆ. ನನಗೂ ಆಗುತ್ತದೆ. ಇವತ್ತು ಬೆಳಗ್ಗೆ ತ್ರಿಕೋನಾಸನದಲ್ಲಿ ನಿಂತು ಇಡ್ಲಿ ಹಿಟ್ಟು ಉಕ್ಕಿರಬಹುದಾ ಅಂತ ಯೋಚಿಸುತ್ತಿದ್ದೆ. ಹದಿನೈದನೇ ದಿನ ಇನ್ನೊಂದು ಪತ್ರ ಬರೆ, ಕನಸಿನಲ್ಲಿ ಏನು ಬಂತು ಅಂತಲೂ ಬರೆ.